ಅವಧಿ ಮುಗಿದ ಆ್ಯಂಟಿವೈರಸ್ ಮನಿ ಕಂಪ್ಯೂಟರಿನಿಂದ ಪೂರ್ತಿ ತಗಿಯೂದು ಹ್ಯಾಂಗ?

ಬೆಟಗೇರಿ_ಮನಿ · ಶುಕ್ರವಾರ ರಾತ್ರಿ 8:10

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನ್ಯಾಗ ಒಂದು ಡೆಸ್ಕ್‌ಟಾಪ್ ಐತಿ. ವಿಂಡೋಸ್ 10, 4 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್. ತಗೊಳ್ಳುವಾಗ ಅಂಗಡಿಯವರು ಒಂದು ಆ್ಯಂಟಿವೈರಸ್ ಹಾಕಿ ಕೊಟ್ಟಿದ್ರು. ಅದರ ಅವಧಿ ಮುಗದು ಎಂಟು ತಿಂಗಳಾತು, ಹೊಳ್ಳಿ ರೊಕ್ಕ ಕಟ್ಟೂ ವಿಚಾರ ಇಲ್ಲ. ಆದ್ರ ಅದು ಬಿಡವಲ್ದು. ಬಟನ್ ಒತ್ತಿ ಚಾ ಕುಡದು ಬಂದ್ರೂ ಪರದೆ ಮ್ಯಾಲೆ ಚಕ್ರ ತಿರಗತಾನ ಇರತೈತಿ. ಟಾಸ್ಕ್ ಮ್ಯಾನೇಜರ್ ತಗದ್ರ ಡಿಸ್ಕ್ 100 ಅಂತ ನಿಂತಿರತೈತಿ.

ಮೊನ್ನೆ ಮಗಳು ಸಿಇಟಿ ಅರ್ಜಿ ತುಂಬಾಕ ಕುಂತಿದ್ಳು. ಎಲ್ಲಾ ತುಂಬಿ ಫೋಟೋ ಹಾಕಿ ಇನ್ನೇನ್ ಕಳಸಬೇಕು ಅನ್ನುವಷ್ಟರಾಗ ಬಲಗಡೆ ಮೂಲ್ಯಾಗ ಕೆಂಪು ಡಬ್ಬಿ ಎದ್ದು ಸಬ್ಮಿಟ್ ಗುಂಡಿ ಮ್ಯಾಲೇ ಕುಂತ್ತು. ಅದನ್ನ ಮುಚ್ಚಾಕ ಒತ್ತಿದ್ರ ಬ್ಯಾರೆ ಪುಟ ತಗೀತು, ತುಂಬಿದ್ದೆಲ್ಲಾ ಹೋತು. ಹುಡುಗಿ ಅತ್ತಬಿಟ್ಳು. ಅವತ್ತ ನಿರ್ಧಾರ ಮಾಡೀನಿ, ಇದನ್ನ ಬೇರುಸಹಿತ ತಗೀಬೇಕು ಅಂತ.

ಕಂಟ್ರೋಲ್ ಪ್ಯಾನೆಲ್‌ನ್ಯಾಗ ಅನ್‌ಇನ್‌ಸ್ಟಾಲ್ ಒತ್ತಿದ್ರ ಅರ್ಧಾ ಹೋಗಿ "ಫೈಲ್ ಸಿಗಲಿಲ್ಲ" ಅಂತ ನಿಲ್ಲತೈತಿ. ಹೋದ ಮಳಿಗಾಲದಾಗ ಅದು ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿತ್ತು, ಅದಕ್ಕ ಹಿಂಗಾಗಿರಬೇಕು. ಯಾರರ ದಾರಿ ಹೇಳ್ರಿ.

ವಿದ್ಯಾನಗರ_ಹುಬ್ಬಳ್ಳಿ · ಶುಕ್ರವಾರ ರಾತ್ರಿ 8:32

ಭಾಳ ಸರಳ ಐತಿ ಸರ್. ಸಿ ಡ್ರೈವ್‌ದಾಗ ಪ್ರೋಗ್ರಾಂ ಫೈಲ್ಸ್ ತಗೀರಿ, ಆ ಕಂಪನಿ ಹೆಸರಿನ ಫೋಲ್ಡರ್ ಹಿಡದು ಡಿಲೀಟ್ ಮಾಡ್ರಿ. "ಪರವಾನಗಿ ಇಲ್ಲ" ಅಂದ್ರ ಬರೇ ಅಗತ್ಯದ್ದಷ್ಟ ಚಾಲೂ ಆಗೂ ಸೇಫ್ ಮೋಡ್‌ದಾಗ ಹೋಗಿ ಮಾಡ್ರಿ. ನಮ್ಮ ಹಾಸ್ಟೆಲ್ಲಿನ ಲ್ಯಾಪ್‌ಟಾಪ್‌ದಾಗ ಹಿಂಗ ತಗದಿದ್ದೆ, ಏನೂ ಆಗಲಿಲ್ಲ.

ಮುದ್ರಣಕಾಶಿ_ಡಿಟಿಪಿ · ಶುಕ್ರವಾರ ರಾತ್ರಿ 9:40

ಬ್ಯಾಡ್ರಿ, ಹಂಗ ಮಾಡಬ್ಯಾಡ್ರಿ! ಮೊದಲ ಕ್ವಾರಂಟೈನ್ ತಗದು ನೋಡ್ರಿ. ಆ್ಯಂಟಿವೈರಸ್ ತನಗ ಅನುಮಾನ ಬಂದ ಫೈಲ್‌ಗಳನ್ನ ಬಹಳ ಸಲ ಅಳಸೂದಿಲ್ಲ, ಗುಪ್ತ ಲಿಪಿಗೆ ತಿರುಗಿಸಿ ತನ್ನ ಕಪಾಟಿನ್ಯಾಗ ಕೀಲಿ ಹಾಕಿ ಇಡತೈತಿ. ಕೀಲಿ ಇರೂದು ಅದರ ಕಡೆನ. ಪ್ರೋಗ್ರಾಂ ಹೋದ್ರ ಆ ಫೈಲ್ ಇದ್ದೂ ಇಲ್ಲದಂಗ.

ನಾನು ಗದಗಿನ್ಯಾಗ ಪ್ರೆಸ್ಸಿಗೆ ಡಿಟಿಪಿ ಕೆಲಸ ಮಾಡ್ತೀನಿ. ನಮ್ಮ ಬಿಲ್ ಪುಸ್ತಕ ಎಕ್ಸೆಲ್‌ದಾಗ ಇತ್ತು, ಗುಂಡಿ ಒತ್ತಿದ್ರ ಜಿಎಸ್‌ಟಿ ತಾನ ಲೆಕ್ಕ ಆಗೂಹಂಗ ಮ್ಯಾಕ್ರೋ ಬರದಿದ್ವಿ. ಮ್ಯಾಕ್ರೋ ಇದ್ದ ಫೈಲ್ ಕಂಡ್ರ ಆ್ಯಂಟಿವೈರಸ್ಸಿಗೆ ಅನುಮಾನ ಜಾಸ್ತಿ. ಅದನ್ನ ಕ್ವಾರಂಟೈನ್‌ದಾಗ ಹಾಕಿತ್ತು, ನಮಗ ಗೊತ್ತಿರಲಿಲ್ಲ. ಪ್ರೋಗ್ರಾಂ ತಗದಮ್ಯಾಲೆ ಗೊತ್ತಾತು, ಎರಡು ವರ್ಷದ ಲೆಕ್ಕ ಅದರ ಜೋಡಿನ ಹೋಗೈತಿ ಅಂತ. ಹಳೇ ರಸೀದಿ ಕಟ್ಟು ಬಿಚ್ಚಿ ಒಂದೊಂದ ಮತ್ತ ಬರದ್ವಿ. ಆ ತ್ರಾಸ ಯಾರಿಗೂ ಬ್ಯಾಡ.

ಕನ್ನಡ ಟೈಪಿಂಗ್ ಮಾಡೋರು ಇನ್ನೊಂದು ನೋಡಬೇಕು. ಹಳೇ ಕೀಲಿಮಣೆ ತಂತ್ರಾಂಶಗಳು ನಾವು ಒತ್ತೂ ಪ್ರತಿ ಅಕ್ಷರ ಹಿಡದು ಕನ್ನಡಕ್ಕ ತಿರಗಸತಾವ. ಕಳ್ಳ ತಂತ್ರಾಂಶ ಮಾಡೂದೂ ಅದನ್ನ. ಹಿಂಗಾಗಿ ಎಷ್ಟೋ ಸಲ ಪಾಪದ ಕನ್ನಡ ಕೀಲಿಮಣೆನ ಕ್ವಾರಂಟೈನ್‌ದಾಗ ಸಿಕ್ಕಿರತೈತಿ.

ಬೆಟಗೇರಿ_ಮನಿ · ಶುಕ್ರವಾರ ರಾತ್ರಿ 10:55

ನಿಮ್ಮ ಮಾತು ಓದೂದ್ರಾಗ ತಡಾ ಆತ್ರಿ. ಸೇಫ್ ಮೋಡ್‌ದಾಗ ಹೋಗಿ ಫೋಲ್ಡರ್ ಅಳಸಿಬಿಟ್ಟೆ. ಕಂಪ್ಯೂಟರ್ ಲಗೂ ಚಾಲೂ ಆತು, ಖುಷಿ ಪಟ್ವಿ. ಆದ್ರ ಈಗ ಇಂಟರ್ನೆಟ್ಟ ಇಲ್ಲ. ಮೋಡೆಮ್ ದೀಪ ಹಸಿರು ಐತಿ, ಫೋನಿನ್ಯಾಗ ವೈಫೈ ಬರತೈತಿ, ಕಂಪ್ಯೂಟರಿನ್ಯಾಗ ಅಷ್ಟ ಇಲ್ಲ. ಫೋನಿನ ಕೇಬಲ್ ಹಾಕಿ ಅದರ ನೆಟ್ ಕೊಟ್ಟು ನೋಡಿದೆ, ಅದೂ ಬರಲಿಲ್ಲ. ಅರ್ಜಿ ಕಡೇ ದಿನ ಹತ್ರ ಬಂದೈತಿ. ಏನ್ ಮಾಡ್ಲಿ?

ಸಾಧನಕೇರಿ_ರಿಪೇರಿ · ಶನಿವಾರ ಬೆಳಿಗ್ಗೆ 6:40

ಬೆಟಗೇರಿಯವರ, ಗಾಬರಿ ಆಗಬ್ಯಾಡ್ರಿ. ಇದು ಸರಿ ಆಗ್ತದ. ಧಾರವಾಡದಾಗ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ಲಿಕ್ಹತ್ತೀನಿ, ಇಂಥ ಕಂಪ್ಯೂಟರ್ ನನ್ನ ಮೇಜಿಗೆ ಆಗಾಗ ಬರ್ತಾವ.

ಬಾಕಿ ಸಾಫ್ಟ್‌ವೇರ್ ಬ್ಯಾರೆ, ಆ್ಯಂಟಿವೈರಸ್ ಬ್ಯಾರೆ. ಹಾಡು ಕೇಳೂ ಪ್ರೋಗ್ರಾಂ ಇದ್ರ ಅದರ ಫೋಲ್ಡರ್ ಅಳಸಿದ್ರ ಹೆಚ್ಚುಕಮ್ಮಿ ಅಲ್ಲಿಗೆ ಮುಗೀತದ. ಆ್ಯಂಟಿವೈರಸ್ ಹಂಗಲ್ಲ. ಅದು ವಿಂಡೋಸಿನ ಒಡಲಾಗ, ಕರ್ನಲ್ ಅಂತಾರಲ್ಲ, ಅಲ್ಲಿ ತನ್ನ ಡ್ರೈವರ್ ಕೂಡಿಸಿರ್ತದ. ನೀವು ಒಂದು ಫೈಲ್ ತಗೀಲಿಕ್ಕೆ ಹೋದ್ರ ಮೊದಲು ಆ ಡ್ರೈವರ್ ನೋಡಿ ಬಿಟ್ಟಮ್ಯಾಲೆ ನಿಮಗ ಕಾಣಸ್ತದ. ನೆಟ್ಟಿನ್ಯಾಗ ಬರೂ ಹೋಗೂ ಪ್ಯಾಕೆಟ್ಟೂ, ಅಂದ್ರ ಮಾಹಿತಿಯ ಸಣ್ಣ ತುಂಡೂ, ಅದರ ಕೈ ದಾಟೇ ಹೋಗಬೇಕು. ನೀವು ಅಳಸಿದ್ದು ಪ್ರೋಗ್ರಾಂ ಫೈಲ್ಸ್ ಒಳಗಿಂದು. ಡ್ರೈವರ್ ಇರೂದು ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗ, ಡ್ರೈವರ್ಸ್ ಅನ್ನೂ ಜಾಗಾದಾಗ. ಅದಿನ್ನೂ ಅಲ್ಲೇ ಕೂತದ. ಪ್ಯಾಕೆಟ್ ಬಂತಂದ್ರ ತಡದು ನಿಲ್ಲಸ್ತದ, ತನ್ನ ಮುಖ್ಯ ಪ್ರೋಗ್ರಾಂನ ಕೇಳ್ತದ, ಅಲ್ಲಿ ಉತ್ತರ ಕೊಡ್ಲಿಕ್ಕೆ ಯಾರೂ ಇಲ್ಲ. ಫೋನಿನ ನೆಟ್ಟೂ ಬರಲಿಲ್ಲಂದ್ರಲ್ಲ, ಕಾರಣ ಅದ. ಹೊಸಾ ನೆಟ್‌ವರ್ಕ್ ಜೋಡಿಸಿದ ಕೂಡ್ಲೆ ಆ ತಡದು ನೋಡೂ ಡ್ರೈವರ್, ಫಿಲ್ಟರ್ ಅಂತಾರ, ಅದಕ್ಕೂ ಅಂಟಿಕೊಳ್ತದ.

ಒಡಲಾಗ ಕೂತ ಡ್ರೈವರ್ ಎಷ್ಟು ಗಟ್ಟಿ ಅನ್ನೂದಕ್ಕ 2024ರ ಜುಲೈ 19 ನೆನಪು ಮಾಡ್ಕೋರಿ. ಕ್ರೌಡ್‌ಸ್ಟ್ರೈಕ್ ಅನ್ನೂ ಭದ್ರತಾ ತಂತ್ರಾಂಶದ ಒಂದೇ ಒಂದು ಅಪ್‌ಡೇಟ್ ತಪ್ಪಿದ್ದಕ್ಕ ಜಗತ್ತಿನ್ಯಾಗ ಸುಮಾರು 85 ಲಕ್ಷ ವಿಂಡೋಸ್ ಯಂತ್ರ ನೀಲಿ ಪರದಿಗೆ ಬಂದು ನಿಂತವು. ವಿಮಾನ ನಿಂತವು, ಬ್ಯಾಂಕು, ದವಾಖಾನಿ ನಿಂತವು. ಅದಕ್ಕ ಇದನ್ನ ಹಾಕಿದ ದಾರಿಯಿಂದನ ತಗೀಬೇಕು, ಜಗ್ಗಿ ಕೀಳಬಾರದು.

ಈಗ ಮೊದಲ ನೆಟ್ ತರೂಣು. ವಿಂಡೋಸ್ ಗುಂಡಿ ಜೋಡಿ ಆರ್ ಒತ್ತಿ, ಇಂಗ್ಲಿಷ್ ಅಕ್ಷರದಾಗ ಎನ್‌ಸಿಪಿಎ, ಒಂದು ಚುಕ್ಕಿ, ಸಿಪಿಎಲ್ ಅಂತ ಬರದು ಎಂಟರ್ ಹೊಡೀರಿ. ನೆಟ್‌ವರ್ಕ್ ಚಿತ್ರಗಳು ಕಾಣಸ್ತಾವ. ನೀವು ಬಳಸೂದರ ಮ್ಯಾಲೆ ಬಲಗಡೆ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತಗೀರಿ. ಒಂದು ಪಟ್ಟಿ ಬರ್ತದ. ಮೈಕ್ರೋಸಾಫ್ಟ್ ಕ್ಲೈಂಟ್, ಫೈಲ್ ಹಾಗೂ ಪ್ರಿಂಟರ್ ಹಂಚಿಕೆ, ಇಂಟರ್ನೆಟ್ ಪ್ರೋಟೋಕಾಲ್ ಆವೃತ್ತಿ 4, ಆವೃತ್ತಿ 6, ಹಿಂಗ. ಅವನ್ನ ಮುಟ್ಟಬ್ಯಾಡ್ರಿ. ಅವುಗಳ ನಡುವೆ ನಿಮ್ಮ ಆ್ಯಂಟಿವೈರಸ್ ಕಂಪನಿ ಹೆಸರು, ಅದರ ಮುಂದ ಫಿಲ್ಟರ್ ಅಥವಾ ಫೈರ್‌ವಾಲ್ ಅಂತ ಇದ್ರ ಅದನ್ನ ಒಂದ ಆರಿಸಿ ಕೆಳಗ ಅನ್‌ಇನ್‌ಸ್ಟಾಲ್ ಒತ್ರಿ. ರಿಸ್ಟಾರ್ಟ್ ಮಾಡಿ ನೋಡಿ ಹೇಳ್ರಿ.

ಬೆಟಗೇರಿ_ಮನಿ · ಶನಿವಾರ ಬೆಳಿಗ್ಗೆ 8:15

ಬಂತ್ರಿ ನೆಟ್! ನೀವು ಹೇಳಿದಂಗ ಪಟ್ಟಿಯೊಳಗ ಮೂರನೇ ಸಾಲಿನ್ಯಾಗ ಅದರ ಹೆಸರಿತ್ತು, ಮುಂದ ಸಣ್ಣ ಟಿಕ್ ಹಾಕ್ಕೊಂಡು. ಅನ್‌ಇನ್‌ಸ್ಟಾಲ್ ಒತ್ತಿದ ಕೂಡ್ಲೆ ಒಂದು ಕ್ಷಣ ಎಲ್ಲಾ ಕಪ್ಪಾಗಿ ಬಂತು, ಆಮ್ಯಾಲೆ ರಿಸ್ಟಾರ್ಟ್ ಮಾಡಿದೆ. ಮಗಳು ಮೊದಲ ಅರ್ಜಿ ಪುಟ ತಗದ್ಳು. ನಿಮಗ ಎಷ್ಟ್ ಧನ್ಯವಾದ ಹೇಳಿದ್ರೂ ಕಡಿಮಿ.

ಆದ್ರ ವಿಂಡೋಸ್ ಸೆಕ್ಯುರಿಟಿ ತಗದ್ರ ಇನ್ನೂ ಹಳೇ ಆ್ಯಂಟಿವೈರಸ್ ಹೆಸರ ತೋರಸಾಕತ್ತೈತಿ. ವಿಂಡೋಸಿನ ಸ್ವಂತ ಆ್ಯಂಟಿವೈರಸ್ ಡಿಫೆಂಡರ್ ಚಾಲೂ ಆಗವಲ್ದು.

ವಿದ್ಯಾನಗರ_ಹುಬ್ಬಳ್ಳಿ · ಶನಿವಾರ ಬೆಳಿಗ್ಗೆ 8:50

ಸರ್, ಕ್ಷಮಿಸ್ರಿ. ನನ್ನ ಮಾತು ಕೇಳಿ ನಿಮಗ ತೊಂದ್ರಿ ಆತು. ನಾನು ತಗದಿದ್ದು ಉಚಿತದ್ದು, ಅದರಾಗ ಫೈರ್‌ವಾಲ್ ಇರಲಿಲ್ಲ ಅನಸತೈತಿ. ನಂದು ನಡೀತು ಅಂತ ಎಲ್ಲಾರದೂ ನಡೀತೈತಿ ಅಂದ್ಕೊಂಡೆ. ಮ್ಯಾಲಿನ ನನ್ನ ಉತ್ತರ ಓದಿದವರು ಯಾರೂ ಹಂಗ ಮಾಡಬ್ಯಾಡ್ರಿ.

ಸಾಧನಕೇರಿ_ರಿಪೇರಿ · ಶನಿವಾರ ಬೆಳಿಗ್ಗೆ 10:20

ತಮ್ಮಾ, ಒಪ್ಪಿಕೊಂಡಿದ್ದು ಚಲೋ ಆತು. ಇನ್ನ ಮುಂದಿನ ಕೆಲಸಾ.

ಡಿಫೆಂಡರ್ ಯಾಕ ಏಳವಲ್ದು ಅಂದ್ರ, ವಿಂಡೋಸಿನ ದಫ್ತರಿನ್ಯಾಗ ನಿಮ್ಮ ಹಳೇ ಆ್ಯಂಟಿವೈರಸ್ ಇನ್ನೂ ಹಾಜರಿ ಅಂತ ಬರದದ. ಬ್ಯಾರೆಯವ ಇದ್ದಾನ ಅಂತ ಡಿಫೆಂಡರ್ ಸುಮ್ನ ಕೂತದ. ಅಂದ್ರ ಈಗ ನಿಮ್ಮ ಕಂಪ್ಯೂಟರಿಗೆ ಯಾವ ಕಾವಲೂ ಇಲ್ಲ. ಅದಕ್ಕ ಇದು ಮುಗಿಯೂತನಕ ಬ್ಯಾಂಕಿನ ಕೆಲಸ ಅದರ ಮ್ಯಾಲೆ ಮಾಡಬ್ಯಾಡ್ರಿ, ಪೆನ್‌ಡ್ರೈವ್ ಹಾಕಬ್ಯಾಡ್ರಿ.

ನನ್ನ ಸಲಹೆ ಕೇಳಿದ್ರ ಉಲ್ಟಾ ಅನಸ್ತದ. ತಗಿಯೂದಕ್ಕ ಮೊದಲ ಅದನ್ನ ಇನ್ನೊಮ್ಮೆ ಹಾಕ್ರಿ. ಅದೇ ಕಂಪನಿಯ ಅದೇ ತಂತ್ರಾಂಶ, ಅವರ ಸ್ವಂತ ಜಾಲತಾಣದಿಂದನ ಇಳಿಸಿ ಹಾಕ್ರಿ. ಅರ್ಧಾ ಮುರದ ಫೈಲ್ ಎಲ್ಲಾ ತುಂಬಕೊಳ್ತಾವ, ಅದರ ಸ್ವಂತ ಅನ್‌ಇನ್‌ಸ್ಟಾಲರ್ ಜೀವಂತ ಆಗ್ತದ. ಕ್ವಾರಂಟೈನ್ ಬಹಳ ಸಲ ಪ್ರೋಗ್ರಾಂಡೇಟಾ ಅನ್ನೂ ಅಡಗಿಸಿಟ್ಟ ಫೋಲ್ಡರಿನ್ಯಾಗ ಇರ್ತದ, ನೀವು ಅಳಸಿದ್ದರಾಗ ಅಲ್ಲ. ಹಿಂಗಾಗಿ ಮುದ್ರಣಕಾಶಿಯವರು ಹೇಳಿದ್ದು ನಿಮಗಿನ್ನೂ ನೋಡ್ಲಿಕ್ಕೆ ಸಿಗಬಹುದು. ಆಮ್ಯಾಲೆ ಅದರ ಸೆಟ್ಟಿಂಗಿನ್ಯಾಗ ಸ್ವರಕ್ಷಣೆ, ಸೆಲ್ಫ್ ಪ್ರೊಟೆಕ್ಷನ್ ಅಂತ ಇರ್ತದ, ಅದನ್ನ ಬಂದ್ ಮಾಡ್ರಿ. ಅನ್‌ಇನ್‌ಸ್ಟಾಲ್ ಒತ್ತಿದಾಗ "ಅರ್ಧಾ ಇಡ್ಲೋ, ಪೂರ್ತಿ ತಗೀಲೋ" ಅಂತ ಕೇಳಿದ್ರ ಪೂರ್ತಿ ಅನ್ರಿ. ಲೈಸನ್ಸ್ ಕೀಲಿ ಇನ್ನೂ ಜೀವಂತ ಇದ್ದವರು ಅದನ್ನ ಒಂದು ಹಾಳಿ ಮ್ಯಾಲೆ ಬರಕೊಂಡ್ರ ಬ್ಯಾರೆ ಕಂಪ್ಯೂಟರಿಗೆ ಬರ್ತದ.

ಅಷ್ಟಾದಮ್ಯಾಲೂ ತುಣುಕು ಉಳದ್ರ ಕಂಪನಿಯ ಸ್ವಚ್ಛ ಮಾಡೂ ಸಾಧನ ಬಳಸ್ರಿ. ಮ್ಯಾಕಫಿಯದು ಎಂಸಿಪಿಆರ್, ಅವಾಸ್ಟಿಂದು ಅವಾಸ್ಟ್ ಕ್ಲಿಯರ್, ಕ್ಯಾಸ್ಪರ್‌ಸ್ಕಿಯದು ಕೆಎವಿ ರಿಮೂವರ್, ನಾರ್ಟನ್ನಿಂದು ರಿಮೂವ್ ಆ್ಯಂಡ್ ರೀಇನ್‌ಸ್ಟಾಲ್. ಗೂಗಲ್‌ದಾಗ ಹುಡುಕಿ ಮ್ಯಾಲೆ ಬಂದ ಮೊದಲನೇ ಕೊಂಡಿ ಒತ್ತಬ್ಯಾಡ್ರಿ. ಅದು ಜಾಹೀರಾತು ಇರಬಹುದು, ವೈರಸ್ ತಗೀಲಿಕ್ಕೆ ಹೋಗಿ ವೈರಸ್ ತಂದವರನ್ನ ನಾನ ಕಂಡೀನಿ. ಕಂಪನಿ ವಿಳಾಸ ನೀವ ಟೈಪ್ ಮಾಡಿ ಹೋಗ್ರಿ.

ಸೇಫ್ ಮೋಡ್ ಬೇಕಾದ್ರ ಶಿಫ್ಟ್ ಹಿಡದು ರಿಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಅಲ್ಲಿಂದ 4. ಎಂಎಸ್‌ಕಾನ್ಫಿಗ್ ಅನ್ನೂ ವಿಂಡೋಸಿನ ಸೆಟ್ಟಿಂಗ್ ಪ್ರೋಗ್ರಾಂದಾಗ ಸೇಫ್ ಬೂಟ್ ಟಿಕ್ ಮಾಡೂ ದಾರಿ ನನಗ ಸೇರೂದಿಲ್ಲ. ಅಲ್ಲಿ ಟಿಕ್ ತಗಿಯೂತನಕ ಪ್ರತಿ ಸಲ ಸೇಫ್ ಮೋಡಿಗೇ ಬರ್ತದ. ಸೇಫ್ ಮೋಡ್‌ದಾಗ ಎಷ್ಟೋ ಸಲ ಪಿನ್ ನಡಿಯೂದಿಲ್ಲ, ಖಾತೆಯ ಪಾಸ್‌ವರ್ಡ್ ಕೇಳ್ತದ. ಮರತಿದ್ರ ಒಳಗ ಹೋಗೂಹಂಗಿಲ್ಲ, ಹೊರಗ ಬರೂಹಂಗಿಲ್ಲ. ಲ್ಯಾಪ್‌ಟಾಪ್ ಇದ್ದವರು ಡಿಸ್ಕನ್ನ ಗುಪ್ತ ಲಿಪಿಗೆ ತಿರುಗಿಸಿ ಇಡೂ ಬಿಟ್‌ಲಾಕರ್‌ನ ಕೀಲಿಯ 48 ಅಂಕಿ ಮೊದಲ ಬರದಿಟ್ಟುಕೊಳ್ರಿ, ಮೈಕ್ರೋಸಾಫ್ಟ್ ಖಾತೆಯೊಳಗ ಸಿಗ್ತದ. ಇನ್ನೊಂದು ಮಾತು: ವಿಂಡೋಸ್ ಇನ್‌ಸ್ಟಾಲರ್ ಸೇವೆ ಸೇಫ್ ಮೋಡ್‌ದಾಗ ಓಡೂದಿಲ್ಲ, ಅದರ ಮ್ಯಾಲೆ ನಿಂತ ಅನ್‌ಇನ್‌ಸ್ಟಾಲರ್ ಅಲ್ಲಿ ತಪ್ಪು ತೋರಸ್ತದ. ಅದಕ್ಕ ಮೊದಲ ಸಾದಾ ಮೋಡ್‌ದಾಗ ಪ್ರಯತ್ನ ಮಾಡ್ರಿ.

ನವನಗರ_ಹುಬ್ಬಳ್ಳಿ · ಶನಿವಾರ ಮಧ್ಯಾಹ್ನ 12:05

ಇಷ್ಟೆಲ್ಲಾ ಯಾಕ್ರಿ? ಫೋಟೋ, ಕಾಗದಪತ್ರ ಒಂದು ಹೊರಗಿನ ಡಿಸ್ಕಿಗೆ ಹಾಕಿ ವಿಂಡೋಸ್ ಹೊಸದಾಗಿ ಹಾಕ್ರಿ. ಎರಡು ತಾಸಿನ ಕೆಲಸ, ಕಸ ಎಲ್ಲಾ ಹೋಗತೈತಿ.

ಮುದ್ರಣಕಾಶಿ_ಡಿಟಿಪಿ · ಶನಿವಾರ ಮಧ್ಯಾಹ್ನ 12:30

ಕಡೇ ದಾರಿ ಅದು ಹೌದು. ಆದ್ರ ವಿಂಡೋಸ್ ಹಾಕಾಕ ಎರಡು ತಾಸು ಸಾಕು, ಉಳದದ್ದಕ್ಕ ಎರಡು ದಿನಾ ಬೇಕು. ಪ್ರಿಂಟರ್ ಡ್ರೈವರ್, ಕನ್ನಡ ಫಾಂಟ್, ಟ್ಯಾಲಿ, ಎಲ್ಲಾ ಪಾಸ್‌ವರ್ಡ್. ಅರ್ಜಿ ತುಂಬೂ ವಾರದಾಗ ಅದು ಬ್ಯಾಡ.

ಬ್ಯಾಡಗಿ_ದಲಾಲಿ_ಅಂಗಡಿ · ಶನಿವಾರ ಮಧ್ಯಾಹ್ನ 2:45

ನಮ್ಮದು ಮೆಣಸಿನಕಾಯಿ ವ್ಯಾಪಾರ. ಸೋಮವಾರ, ಗುರುವಾರ ಟೆಂಡರ್ ಇದ್ದಾಗ ಕಂಪ್ಯೂಟರ್ ಒಂದು ನಿಮಿಷ ನಿಂತ್ರೂ ರೈತರು ಪಟ್ಟಿಗೆ ಕಾಯಬೇಕಾಗತೈತಿ. ಒಂದರ ಮ್ಯಾಲೆ ಒಂದು ಇರಲಿ ಅಂತ ನಾವು ಎರಡು ಆ್ಯಂಟಿವೈರಸ್ ಹಾಕಿದ್ವಿ. ಟ್ಯಾಲಿ ತಗದ್ರ ಒಂದು ತಡದು ನೋಡತಿತ್ತು, ಅದು ನೋಡೂದನ್ನ ಇನ್ನೊಂದು ತಡೀತಿತ್ತು. ಒಂದು ಬಿಲ್ ಪ್ರಿಂಟ್ ಆಗಾಕ ಎರಡು ನಿಮಿಷ. ಒಂದನ್ನ ತಗದ ದಿನಾನ ಸರಿ ಆತು.

ಆದ್ರ ನಾ ಬರದಿದ್ದು ಬ್ಯಾರೆದಕ್ಕ. ಕಂಪ್ಯೂಟರಿನಿಂದ ತಗದ್ರ ಚಂದಾ ನಿಲ್ಲೂದಿಲ್ಲ. ನಾವು ಕಾರ್ಡ್ ಕೊಟ್ಟು ತಗೊಂಡಿದ್ವಿ, ತಾನ ನವೀಕರಣ ಆಗೂ ಟಿಕ್ ಇತ್ತು. ತಗದು ಐದು ತಿಂಗಳಿಗೆ ಇನ್ನೊಂದು ವರ್ಷದ ರೊಕ್ಕ ಹೋತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹಿಂಗ ತಾನ ಕಡಿತ ಆಗೂ ಮೊದಲ 24 ತಾಸು ಮುಂಚೆ ನಮಗ ತಿಳಿಸಬೇಕು, ಬ್ಯಾಡ ಅನ್ನಾಕ ದಾರಿ ಕೊಡಬೇಕು. ಮೆಸೇಜ್ ಬಂದಿತ್ತು, ನಾವ ನೋಡಿರಲಿಲ್ಲ. ಯುಪಿಐ ಕೊಟ್ಟವರು ಆ್ಯಪ್‌ದಾಗ ಆಟೋಪೇ ಅನ್ನೂ ಕಡೆ ಹೋಗಿ ರದ್ದು ಮಾಡ್ರಿ. ಕಾರ್ಡ್ ಕೊಟ್ಟವರು ಬ್ಯಾಂಕಿನ ಜಾಲತಾಣದಾಗ ನೋಡ್ರಿ, ಆ್ಯಂಟಿವೈರಸ್ ಖಾತೆಗೂ ಹೋಗಿ ನವೀಕರಣ ಬಂದ್ ಮಾಡ್ರಿ.

ಬೆಟಗೇರಿ_ಮನಿ · ಶನಿವಾರ ಸಂಜೆ 6:30

ಎಲ್ಲಾ ಮಾಡಿದ್ವಿ. ಹೊಳ್ಳಿ ಹಾಕಿದ್ವಿ, ಕ್ವಾರಂಟೈನ್ ತಗದ್ವಿ. ಒಳಗ ಏಳು ಫೈಲ್ ಇದ್ವು. ಆರನೇದ್ದರ ಹೆಸರು ನೋಡಿ ನನ್ನ ಮನಿಯವರು ಕುರ್ಚಿ ಬಿಟ್ಟು ಎದ್ದರು. ಅವರ ಮಹಿಳಾ ಸಂಘದ ಉಳಿತಾಯ ಲೆಕ್ಕದ ಎಕ್ಸೆಲ್! ಹೋದ ವರ್ಷ ಕಳದಿತ್ತು, ಯಾರೋ ತಪ್ಪಿ ಅಳಿಸ್ಯಾರ ಅಂತ ಸಂಘದಾಗ ಮಾತಾಗಿತ್ತು. ಮುದ್ರಣಕಾಶಿಯವರ, ನೀವು ಹೇಳದಿದ್ರ ಇದು ಇಲ್ಲೇ ಮಣ್ಣಾಗತಿತ್ತು.

ಆಮ್ಯಾಲೆ ಸ್ವರಕ್ಷಣೆ ಬಂದ್, ಪೂರ್ತಿ ತಗಿ, ರಿಸ್ಟಾರ್ಟ್. ಈಗ ಡಿಫೆಂಡರ್ ಹಸಿರು ಟಿಕ್ ತೋರಸಾಕತ್ತೈತಿ. ಡ್ರೈವರ್ ಹೋತೋ ಇಲ್ಲೋ ಹ್ಯಾಂಗ ನೋಡಬೇಕ್ರಿ?

ಸಾಧನಕೇರಿ_ರಿಪೇರಿ · ಶನಿವಾರ ಸಂಜೆ 7:15

ಆ ಎಕ್ಸೆಲ್ಲಿನ ಸುದ್ದಿ ಓದಿ ಬಹಳ ಸಂತೋಷ ಆತು. ತಗಿಯುವಾಗ ಮ್ಯಾಕ್ರೋ ಚಾಲೂ ಮಾಡ್ಲೇನು ಅಂತ ಕೇಳಿದ್ರ ಬ್ಯಾಡ ಅನ್ರಿ. ಅಂಕಿ ಎಲ್ಲಾ ಹಂಗೇ ಕಾಣಸ್ತಾವ. ಅವನ್ನ ಹೊಸ ಫೈಲಿಗೆ ನಕಲು ಮಾಡಿ ಹಳೇದು ಬಿಡ್ರಿ.

ಡ್ರೈವರ್ ನೋಡ್ಲಿಕ್ಕೆ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತಗದು, ಇಂಗ್ಲಿಷಿನ್ಯಾಗ ಎಫ್, ಎಲ್, ಟಿ, ಎಂ, ಸಿ ಐದು ಅಕ್ಷರ ಬರದು ಎಂಟರ್ ಹೊಡೀರಿ. ಫೈಲ್‌ಗಳ ದಾರ್ಯಾಗ ಕೂತ ಫಿಲ್ಟರ್‌ಗಳ ಹೆಸರು, ಅವುಗಳ ಮುಂದ ಆಲ್ಟಿಟ್ಯೂಡ್ ಅಂತ ಒಂದು ಸಂಖ್ಯೆ ಬರ್ತದ. ಯಾವುದು ಮ್ಯಾಲೆ, ಯಾವುದು ಕೆಳಗ ಅಂತ ಮೈಕ್ರೋಸಾಫ್ಟ್ ಹಂಚಿಕೊಟ್ಟ ಎತ್ತರ ಅದು. 320000ದಿಂದ 329998ರತನಕ ಆ್ಯಂಟಿವೈರಸ್‌ಗಳ ಓಣಿ. ಡಿಫೆಂಡರಿನ ಡಬ್ಲ್ಯುಡಿ ಫಿಲ್ಟರ್ 328010ರಾಗ ಇರ್ತದ. ಆ ಓಣ್ಯಾಗ ಅದೊಂದ ಕಂಡ್ರ ನಿಮ್ಮ ಕೆಲಸ ಮುಗದಂಗ.

ಬೆಟಗೇರಿ_ಮನಿ · ಶನಿವಾರ ಸಂಜೆ 7:50

ನೋಡಿದೆ. 328010 ಒಂದ ಐತಿ! ಕಂಪ್ಯೂಟರ್ ಈಗ ಒಂದು ನಿಮಿಷದಾಗ ಚಾಲೂ ಆಗತೈತಿ.

ಆದ್ರ ಈಗಷ್ಟ ಮಗಳು ಕರದು ತೋರಸಿದ್ಳು. ಮತ್ತ ಅದೇ ಕೆಂಪು ಡಬ್ಬಿ, ಅದೇ ಮೂಲಿ. "ನಿಮ್ಮ ಆ್ಯಂಟಿವೈರಸ್ ಅವಧಿ ಮುಗಿದಿದೆ, 5 ವೈರಸ್ ಸಿಕ್ಕಿವೆ" ಅಂತ. ತಗದಮ್ಯಾಲೆ ಎಲ್ಲಿಂದ ಬಂತಿದು?

ರಾಣೇಬೆನ್ನೂರು_ಮಾಸ್ತರು · ಶನಿವಾರ ರಾತ್ರಿ 8:20

ಆ ಡಬ್ಬಿಯ ಕೆಳಗೆ ಅಥವಾ ಮೇಲೆ ಸಣ್ಣ ಅಕ್ಷರದಲ್ಲಿ ಕ್ರೋಮ್ ಅಂತಲೋ ಯಾವುದೋ ಜಾಲತಾಣದ ಹೆಸರೋ ಇದೆಯೇ ನೋಡಿ. ಇನ್ನೊಂದು: ಅದರಲ್ಲಿ ಬರೆದಿರುವ ಆ್ಯಂಟಿವೈರಸ್ ಹೆಸರೂ ನೀವು ಈಗ ತೆಗೆದದ್ದರ ಹೆಸರೂ ಒಂದೇನಾ?

ಬೆಟಗೇರಿ_ಮನಿ · ಶನಿವಾರ ರಾತ್ರಿ 8:31

ಅಯ್ಯ, ಹೌದ್ರಿ! ಹೆಸರ ಬ್ಯಾರೆ ಐತಿ. ಅದನ್ನ ನಾವು ಯಾವತ್ತೂ ಹಾಕೇ ಇಲ್ಲ. ಮ್ಯಾಲೆ ಸಣ್ಣದಾಗಿ ಕ್ರೋಮ್ ಅಂತ ಐತಿ, ಕೆಳಗ ಒಂದು ಉದ್ದನ್ನ ಗುರ್ತಿಲ್ಲದ ವಿಳಾಸ.

ರಾಣೇಬೆನ್ನೂರು_ಮಾಸ್ತರು · ಶನಿವಾರ ರಾತ್ರಿ 8:45

ಹಾಗಾದರೆ ಮೊನ್ನೆ ನಿಮ್ಮ ಮಗಳ ಅರ್ಜಿ ಕೆಡಿಸಿದ್ದೂ ಇದೇ ಇರಬೇಕು. ಡಬ್ಬಿ ಮುಚ್ಚಲು ಒತ್ತಿದಾಗ ಬೇರೆ ಪುಟ ತೆರೆಯಿತು ಎಂದಿರಲ್ಲ, ಜಾಹೀರಾತಿನ ಲಕ್ಷಣ ಅದು. ಮಕ್ಕಳು ಹಾಡು, ಸಿನಿಮಾ ಅಥವಾ ಹಳೆಯ ಪ್ರಶ್ನೆಪತ್ರಿಕೆ ಇಳಿಸಲು ಯಾವುದೋ ತಾಣಕ್ಕೆ ಹೋದಾಗ "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಎಂದು ಕೇಳುತ್ತದೆ. ಒತ್ತಿದರೆ ಆ ತಾಣಕ್ಕೆ ನಿಮ್ಮ ಪರದೆಯ ಮೇಲೆ ಸೂಚನೆ ಹಾಕುವ ಅನುಮತಿ ಸಿಗುತ್ತದೆ. ಯಾವ ಆ್ಯಂಟಿವೈರಸ್ ಹಾಕಿದರೂ ತೆಗೆದರೂ ಅದು ಹೋಗುವುದಿಲ್ಲ, ಏಕೆಂದರೆ ಅನುಮತಿ ಕೊಟ್ಟವರು ನಾವೇ. ನಮ್ಮ ಶಾಲೆಯ ಲ್ಯಾಬಿನಲ್ಲಿ ಎಂಟು ಕಂಪ್ಯೂಟರಿಗೆ ಇದೇ ಆಗಿತ್ತು.

ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ತೆಗೆಯಿರಿ. ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಗುರುತಿಲ್ಲದ ಎಲ್ಲವನ್ನೂ ತೆಗೆದುಹಾಕಿ. ಆ ಡಬ್ಬಿಗಳಲ್ಲಿ ಫೋನ್ ನಂಬರ್ ಇದ್ದರೆ ದಯವಿಟ್ಟು ಕರೆ ಮಾಡಬೇಡಿ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಯಾರಾದರೂ ಕರೆ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ವಿದ್ಯಾನಗರ_ಹುಬ್ಬಳ್ಳಿ · ಶನಿವಾರ ರಾತ್ರಿ 9:05

ಒಂದು ಕೇಳಲೇನ್ರಿ? ಬರೇ ಡಿಫೆಂಡರ್ ಸಾಕಾಗತೈತಾ? ಅದೂ ವಿಂಡೋಸ್ 10ರ ಮ್ಯಾಲೆ?

ಸಾಧನಕೇರಿ_ರಿಪೇರಿ · ಶನಿವಾರ ರಾತ್ರಿ 9:40

ಮನಿಗೆ ಸಾಕು ಅಂತ ನನ್ನ ಅಭಿಪ್ರಾಯ. ವಿಂಡೋಸ್ 7ರ ಕಾಲದಾಗ ಮೈಕ್ರೋಸಾಫ್ಟಿನ ಆ್ಯಂಟಿವೈರಸ್ ಬ್ಯಾರೆ ಇಳಿಸಿ ಹಾಕಬೇಕಿತ್ತು. 2012ರಾಗ ವಿಂಡೋಸ್ 8 ಬಂದಮ್ಯಾಲೆ ಅದು ಒಳಗ ಬರ್ತದ. "ಹೊರಗಿಂದು ಹಾಕದಿದ್ರ ಕಂಪ್ಯೂಟರ್ ಬರಿಮೈಯಾಗ ಇರ್ತದ" ಅನ್ನೂ ಮಾತು ಆ ಹಿಂದಿನ ಕಾಲದ್ದು.

ವಿಂಡೋಸ್ 10ರದು ಬ್ಯಾರೆ ಚಿಂತಿ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದದ. ನೋಂದಾಯಿಸಿದ ಮನಿ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರತನಕ. ಡಿಫೆಂಡರಿಗೆ ಹೊಸ ವೈರಸ್‌ಗಳ ಗುರುತು 2028ರ ಅಕ್ಟೋಬರ್‌ತನಕ ಬರ್ತಾವ ಅಂತ ಮೈಕ್ರೋಸಾಫ್ಟ್ ಹೇಳ್ಯದ. ಆದ್ರ ಗೋಡೆಗೆ ಬಿರುಕು ಬಿಟ್ರ ಬಾಗಲಾಗಿನ ಕಾವಲುಗಾರ ಏನ್ ಮಾಡ್ಯಾನು? ಆ ಬಿರುಕು ರೊಕ್ಕ ಕೊಟ್ಟ ಆ್ಯಂಟಿವೈರಸ್ಸೂ ಮುಚ್ಚೂದಿಲ್ಲ. ಬೆಟಗೇರಿಯವರ, ಆ್ಯಂಟಿವೈರಸ್ಸಿಗೆ ಕಟ್ಟೂ ರೊಕ್ಕ ಎತ್ತಿಟ್ಟು ಹಳೇ ಹಾರ್ಡ್‌ಡಿಸ್ಕಿನ ಬದ್ಲಿ ಒಂದು ಎಸ್‌ಎಸ್‌ಡಿ, ಅಂದ್ರ ವೇಗದ ಡಿಸ್ಕ್, ಹಾಕಸ್ರಿ. ಮುಂದ ವಿಂಡೋಸ್ 11 ಹಿಡೀತದೋ ಇಲ್ಲೋ ಯಂತ್ರ ನೋಡಿ ಹೇಳಬೇಕು, ಅದಕ್ಕ ಟಿಪಿಎಂ 2.0 ಅನ್ನೂ ಭದ್ರತಾ ಚಿಪ್ ಬೇಕು.

ಮುದ್ರಣಕಾಶಿ_ಡಿಟಿಪಿ · ಶನಿವಾರ ರಾತ್ರಿ 10:10

ಮನಿಗೆ ಒಪ್ಪತೀನಿ, ಪ್ರೆಸ್ಸಿಗೆ ಒಪ್ಪೂದಿಲ್ಲ. ನಮ್ಮಲ್ಲಿ ಲಗ್ನಪತ್ರಿಕೆ, ಜಾತ್ರಿ ಕರಪತ್ರ ಅಂತ ಊರಿನ ಪೆನ್‌ಡ್ರೈವ್ ಎಲ್ಲಾ ಬಂದು ಚುಚ್ಚಿಕೊಳ್ಳತಾವ. ಫೋಲ್ಡರ್ ಅಡಗಿಸಿ ಅದರ ಹೆಸರಿನ ಶಾರ್ಟ್‌ಕಟ್ ಮಾಡೂ ವೈರಸ್ ಇವತ್ತಿಗೂ ವಾರಕ್ಕೊಮ್ಮೆ ಬರತೈತಿ. ನಾನು ರೊಕ್ಕ ಕೊಟ್ಟದ್ದನ್ನ ಇಟ್ಟುಕೊಂಡೀನಿ, ಒಂದ ಇಟ್ಟುಕೊಂಡೀನಿ, ವಾರಕ್ಕೊಮ್ಮೆ ಕ್ವಾರಂಟೈನ್ ತಗದು ನೋಡತೀನಿ.

ಬೆಟಗೇರಿ_ಮನಿ · ಭಾನುವಾರ ಬೆಳಿಗ್ಗೆ 9:20

ನೋಟಿಫಿಕೇಷನ್ ಪಟ್ಟಿಯೊಳಗ ಹದಿಮೂರು ತಾಣ ಇದ್ವು. ಹನ್ನೆರಡು ತಗದು ಮಗಳ ಕಾಲೇಜಿಂದು ಒಂದ ಬಿಟ್ವಿ. ಆಟೋಪೇ ನೋಡಿದೆ, ನಮ್ಮದು ಅಂಗಡ್ಯಾಗ ರೋಖ ಕೊಟ್ಟು ತಗೊಂಡದ್ದು, ಏನೂ ಇಲ್ಲ. ಸಂಘದ ಲೆಕ್ಕ ಹೊಸ ಫೈಲಿಗೆ ಹೊಂಟೈತಿ, ಮನಿಯವರು ಮುಂಜಾನಿಂದ ಅದನ್ನ ಹಿಡಕೊಂಡು ಕುಂತಾರ.

ಮಗಳು ರಾತ್ರಿ ಹತ್ತೂವರಿಗೆ ಅರ್ಜಿ ಕಳಿಸಿದ್ಳು. ಮೂಲ್ಯಾಗ ಏನೂ ಏಳಲಿಲ್ಲ. ಪ್ರಿಂಟ್ ತಗದು ಕಪಾಟಿನ್ಯಾಗ ಇಟ್ಟೀವಿ.